ಚಿಕ್ಕಪ್ಪ ಸಾಲಿನಲ್ಲಿ ನಿಂತ ಸಂಜೆ

ನನ್ನ ಚಿಕ್ಕಪ್ಪನಿಗೆ ಹುಟ್ಟಿನಿಂದಲೇ ಕಿವಿ ಕೇಳುತ್ತಿರಲಿಲ್ಲ, ಮಾತೂ ಬರುತ್ತಿರಲಿಲ್ಲ. ಅವನು ಚಿಕ್ಕವನಿದ್ದಾಗಲೇ ನಮ್ಮಜ್ಜಿ ತೀರಿಕೊಂಡಿದ್ದರಿಂದ, ಮದುವೆಯಾಗಿ ಆ ಮನೆಗೆ ಬಂದ ನಮ್ಮವ್ವನೇ ಅವನನ್ನು ಬೆಳೆಸಿದಳು. ಅವಳು ಬಂದಾಗ ಅವಳಿಗೇ ಇನ್ನೂ ಹುಡುಗಾಟದ ವಯಸ್ಸು. ಮೈದುನನಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲೂ ಬರುತ್ತಿರಲಿಲ್ಲವಂತೆ. ಅವರಿಬ್ಬರ ನಡುವೆ ಕೈಸನ್ನೆಯ ಒಂದು ಭಾಷೆ ತಾನಾಗಿ ಬೆಳೆದಿತ್ತು. ಮೀಸೆ ತಿರುವಿದರೆ ನಮ್ಮಪ್ಪ. ಎರಡು ಭುಜದ ಮೇಲೂ ಬೆರಳಿಳಿಸಿದರೆ ಎರಡು ಜಡೆಯ ನಾನು. ಮೂಗಿನ ಹೊಳ್ಳೆಯ ಮೇಲೆ ಬೆರಳಿಟ್ಟರೆ ಮೂಗುಬೊಟ್ಟಿನ ಅವ್ವ.

ತುರುವೇಕೆರೆ ಕಡೆಯ ನಮ್ಮ ಹಳ್ಳಿಯಲ್ಲಿ ಚಿಕ್ಕಪ್ಪನಿಗೆ ಏನೋ ಕಮ್ಮಿಯಿದೆ ಎಂದು ನಮಗೆ ಅನ್ನಿಸಿದ್ದೇ ಇಲ್ಲ. ತೋಟಕ್ಕೆ ನೀರು ಕಟ್ಟುತ್ತಿದ್ದ, ಕಾಯಿ ಸುಲಿಯುತ್ತಿದ್ದ. ಅಟ್ಟದಲ್ಲಿ ಒಣಗಿದ ಕಾಯಿಯೊಳಗೆ ಕೊಬ್ಬರಿ ಬಿಟ್ಟಿದೆಯೋ ಇಲ್ಲವೋ ಎಂದು ಎಲ್ಲರೂ ಕಿವಿಯ ಹತ್ತಿರ ಹಿಡಿದು ಕುಲುಕಿ ನೋಡಿದರೆ, ಅವನು ಎದೆಯ ಹತ್ತಿರ ಹಿಡಿದು ಅಂಗೈಯಲ್ಲೇ ತಿಳಿದುಕೊಳ್ಳುತ್ತಿದ್ದ. ಊರಿನವರಿಗೆ ಅವನು ಗೊತ್ತು, ಅವನಿಗೆ ಊರು ಗೊತ್ತು. ಅವನನ್ನು ಯಾರೂ ಕೂಗಿ ಕರೆಯುತ್ತಿರಲಿಲ್ಲ. ಹತ್ತಿರ ಹೋಗಿ ಮುಟ್ಟುತ್ತಿದ್ದರು.

ನಾನು ಮಾಧ್ಯಮಿಕ ಶಾಲೆಗೆ ಹೋಗುತ್ತಿದ್ದ ಕಾಲ ಅದು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಬೇಸಿಗೆಯ ಒಂದು ದಿನ ಮೈಕು ಕಟ್ಟಿಕೊಂಡ ಜೀಪೊಂದು ನಮ್ಮೂರಿಗೆ ಬಂದು, ತಿಪಟೂರಿನ ಬಯಲಿನಲ್ಲಿ ದೊಡ್ಡ ಎಕ್ಸಿಬಿಷನ್ ನಡೆಯುತ್ತಿದೆ ಎಂದು ಸಾರಿ, ಗುಲಾಬಿ ಬಣ್ಣದ ಕಾಗದಗಳನ್ನು ಎಸೆದುಹೋಯಿತು. ಆ ಕಾಗದದ ಮೇಲೆ ತಿರುಗುವ ತೊಟ್ಟಿಲಿನ ಚಿತ್ರವಿತ್ತು. ಚಿಕ್ಕಪ್ಪ ಅದನ್ನು ಅನ್ನ ಮೆತ್ತಿ ಅಟ್ಟದ ಬಾಗಿಲಿಗೆ ಅಂಟಿಸಿದ. ದಿನಾ ಅವ್ವನಿಗೆ ಅದನ್ನು ತೋರಿಸಿ, ಗಾಳಿಯಲ್ಲಿ ಒಂದು ದೊಡ್ಡ ಸೊನ್ನೆ ಬರೆದು, ತನ್ನ ಎದೆ ಮುಟ್ಟಿಕೊಳ್ಳುತ್ತಿದ್ದ. ಆಗ ಅವನಿಗೆ ಇಪ್ಪತ್ತು ದಾಟಿತ್ತು. ಅದುವರೆಗೆ ಏನನ್ನೂ ಬೇಕೆಂದು ಕೇಳಿದವನಲ್ಲ.

"ಹುಡ್ಗ ಆಸೆ ಪಟ್ಟವ್ನೆ. ಒಂದ್ಸರ್ತಿ ಕರ್ಕಂಡೋಗಿ ಬರಾನ ಕಣ್ರೀ" ಎಂದಳು ಅವ್ವ.

"ಆ ಜನದೊಳಗೆ ಇವನ್ನ ಕಟ್ಕಂಡು ಏಗಾಕಾಯ್ತದೇನೆ?" ಎಂದ ಅಪ್ಪ. ಆದರೂ ಮುಂದಿನ ಭಾನುವಾರ ಅವನೇ ಮೊದಲು ಪಂಚೆ ಉಟ್ಟು ನಿಂತ.

ಅಪ್ಪ, ಅವ್ವ, ಚಿಕ್ಕಪ್ಪ, ನಾನು, ಇನ್ನೂ ಶಾಲೆಗೆ ಸೇರದ ನನ್ನ ತಮ್ಮ. ಊರಿಂದ ಹೊರಟ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಿಬ್ಬನಹಳ್ಳಿ ಕೈಮರದಲ್ಲಿ ಇಳಿದು ತಿಪಟೂರಿನ ಬಸ್ಸಿಗೆ ಕಾದಾಗ ಇನ್ನೂ ಕಷ್ಟವಾಯಿತು. ಬಂದ ಬಸ್ಸುಗಳೆಲ್ಲ ತುಂಬಿಕೊಂಡೇ ಬರುತ್ತಿದ್ದವು. ಎಲ್ಲರೂ ಹೊರಟಿದ್ದು ಅಲ್ಲಿಗೇ. ಕಡೆಗೆ ಒಂದು ಬಸ್ಸು ನಿಂತಾಗ ಅಪ್ಪ ತಮ್ಮನನ್ನು ಕಿಟಕಿಯೊಳಗಿಂದ ಯಾರದೋ ತೊಡೆಯ ಮೇಲೆ ಇಳಿಬಿಟ್ಟ. ಚಿಕ್ಕಪ್ಪ ಬಾಗಿಲ ಸರಳು ಹಿಡಿದು, ತನ್ನ ತೋಳಿನೊಳಗೆ ನನಗೂ ಅವ್ವನಿಗೂ ಜಾಗ ಮಾಡಿಕೊಟ್ಟು, ದಾರಿಯುದ್ದಕ್ಕೂ ನಗುತ್ತಲೇ ಇದ್ದ. ಅವನು ತೊಟ್ಟಿದ್ದು ನೀಲಿ ಚೌಕಳಿಯ ಹೊಸ ಅಂಗಿ.

ಬಯಲಿಗೆ ಕಾಲಿಟ್ಟಾಗ ಇಳಿಹೊತ್ತು. ಅಷ್ಟು ಜನರನ್ನು ನಾನು ಅದಕ್ಕೆ ಮುಂಚೆ ಒಟ್ಟಿಗೆ ನೋಡಿರಲಿಲ್ಲ. ಒಳಗೆ ಹೋಗಲು ಒಂದು ಸಾಲು, ಕುಡಿಯುವ ನೀರಿಗೆ ಒಂದು ಸಾಲು, ಸೈಕಲ್ಲಿನ ಚಕ್ರದಷ್ಟು ಅಗಲದ ಹಪ್ಪಳಕ್ಕೆ ಒಂದು ಸಾಲು. ಮರದ ಬಾವಿಯೊಳಗೆ ಮೋಟಾರು ಸೈಕಲ್ ಓಡಿಸುವವನ ಆಟಕ್ಕಂತೂ ಸಾಲು ಎನ್ನುವುದೇ ಇರಲಿಲ್ಲ. ಮೆಟ್ಟಿಲ ಹತ್ತಿರ ನೂಕಾಡಿ ಗೆದ್ದವರು ಹತ್ತುತ್ತಿದ್ದರು. ಧೂಳು ಮಂಡಿಯೆತ್ತರ ಎದ್ದಿತ್ತು. ಅವ್ವ ನನ್ನ ಮುಂಗೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಅವಳ ಬಳೆಗಳ ಗುರುತು ನನ್ನ ಚರ್ಮದ ಮೇಲೆ ಮೂಡಿತ್ತು.

ತೊಟ್ಟಿಲಿನ ಹತ್ತಿರ ಗಂಡಸರಿಗೆ ಒಂದು ಸಾಲು, ಹೆಂಗಸರಿಗೆ ಒಂದು ಸಾಲು. ನಡುವೆ ಹಗ್ಗ. ನಾನೂ ಅವ್ವನೂ ಈ ಕಡೆ ನಿಂತೆವು. ತಮ್ಮನನ್ನು ಹೊತ್ತ ಅಪ್ಪ, ಚಿಕ್ಕಪ್ಪ ಆ ಕಡೆ. ಬಹಳ ಹೊತ್ತು ಕಾದೆವು. ಅಷ್ಟರಲ್ಲಿ ತಮ್ಮ ನೀರು ಬೇಕೆಂದು ಅಳತೊಡಗಿದ. ಅಪ್ಪ ಚಿಕ್ಕಪ್ಪನಿಗೆ ಇಲ್ಲೇ ನಿಂತಿರು, ಬಂದುಬಿಡುತ್ತೇನೆ ಎಂದು ಸನ್ನೆ ಮಾಡಿ ಹೋದ. ಚಿಕ್ಕಪ್ಪ ತಲೆಯಾಡಿಸಿ, ಎರಡೂ ಕೈಯಲ್ಲಿ ಹಗ್ಗ ಹಿಡಿದುಕೊಂಡು, ಕತ್ತೆತ್ತಿ ತೊಟ್ಟಿಲನ್ನೇ ನೋಡುತ್ತಾ ನಿಂತ. ನಾನು ಅವನನ್ನು ಕಂಡಿದ್ದು ಅಲ್ಲಿಯವರೆಗೆ. ಆಮೇಲೆ ನಮ್ಮ ಸಾಲು ಮುಂದೆ ಸರಿಯಿತು, ನಡುವೆ ಜನ ಅಡ್ಡವಾದರು.

ನಾವು ಮೆಟ್ಟಿಲ ಹತ್ತಿರ ಬರುವ ಹೊತ್ತಿಗೆ ಅಪ್ಪ ಜನರನ್ನು ಸೀಳಿಕೊಂಡು ಬಂದ.

"ಅವ್ನು ನಿಮ್ ಕಡೆ ಬಂದ್ನಾ?"

"ಇಲ್ವಲ್ಲ! ನಿಮ್ ಜೊತೆಗೇ ಇದ್ನಲ್ಲ?"

"ನಿಲ್ಸಿ ಹೋಗಿದ್ದೆ ಕಣೆ. ಈಗ ಇಲ್ಲ. ಕ್ಯೂನೇ ಬ್ಯಾರೆ ಕಡೀಕೆ ತಿರುಗ್ಸವ್ರೆ."

ಅವ್ವನ ಮುಖ ಬಿಳಿಚಿಕೊಂಡಿದ್ದನ್ನು ನಾನು ನೋಡಿದೆ. ಅಪ್ಪ ಮೈಕಿನ ಡೇರೆಗೆ ಹೋಗಿ ಹೇಳಿಸುತ್ತೇನೆ ಎಂದ.

"ಅವ್ನಿಗೆಲ್ ಕೇಳ್ತದೆ?"

"ಅವ್ನಿಗಲ್ಲ, ಜನಕ್ಕೆ ಕೇಳ್ಲಿ. ನೀಲಿ ಅಂಗಿ ಅಂತ ಹೇಳಿಸ್ತೀನಿ. ನೀನಿಲ್ಲೇ ಇರು" ಎಂದು ಹೇಳಿ ತಮ್ಮನನ್ನು ಎತ್ತಿಕೊಂಡು ಓಡಿದ.

ಸ್ವಲ್ಪ ಹೊತ್ತಿಗೆ ಮೈಕಿನಲ್ಲಿ ಕೂಗು ಕೇಳಿಸಿತು. ನೀಲಿ ಅಂಗಿ, ಬಿಳಿ ಪಂಚೆ, ಕಿವಿ ಕೇಳುವುದಿಲ್ಲ, ಮಾತು ಬರುವುದಿಲ್ಲ, ಕಂಡವರು ದಯವಿಟ್ಟು ಕರೆತನ್ನಿ. ಅದರ ಹಿಂದೆಯೇ ಹಲ್ಲುಪುಡಿಯ ಜಾಹೀರಾತು. ಯಾರೂ ತಲೆಯೆತ್ತಿ ಕೇಳಿಸಿಕೊಂಡಂತೆ ಕಾಣಲಿಲ್ಲ.

ಅವ್ವ ಒಮ್ಮೆ ಸುತ್ತ ನೋಡಿದಳು. ಎಲ್ಲಿ ನೋಡಿದರೂ ಬೆನ್ನು, ಹೆಗಲು, ತಲೆ. ಆಮೇಲೆ ಅವಳು ಮೇಲೆ ನೋಡಿದಳು. ನನ್ನನ್ನು ಎಳೆದುಕೊಂಡು, ಮುಂದಿದ್ದವರನ್ನು ದಾಟಿ, ತೊಟ್ಟಿಲು ನಡೆಸುವವನ ಎದುರಿಗೆ ಹೋಗಿ ನಿಂತಳು. ಮಸಿ ಮೆತ್ತಿದ ಬನಿಯನ್ ತೊಟ್ಟವನು; ನಮ್ಮ ಕಡೆಯವನಲ್ಲ, ಕನ್ನಡ ತಡೆದು ತಡೆದು ಆಡುತ್ತಿದ್ದ.

"ಅಣ್ಣಾ, ನನ್ನ ಒಂದ್ಸರ್ತಿ ಮ್ಯಾಲಕ್ಕೆ ಕಳ್ಸಿ ಅಲ್ಲೇ ನಿಲ್ಸು. ನನ್ ಮೈದ್ನ ಕಳ್ದೋಗವ್ನೆ. ಮೂಗ ಕಣಪ್ಪ. ಕೂಗಿದ್ರೆ ಕೇಳಾಕಿಲ್ಲ. ಮ್ಯಾಲಿಂದ ನೋಡಿದ್ರೆ ಕಾಣ್ತಾನೆ."

"ಕ್ಯೂ ಅಮ್ಮ, ಕ್ಯೂ" ಎಂದ ಅವನು.

ಹಿಂದಿನಿಂದ ಹೆಂಗಸರು ಬೈಯತೊಡಗಿದರು. "ನಾವೇನ್ ಬಿಟ್ಟಿ ನಿಂತಿದೀವಾ? ಎಲ್ರೂ ಹಿಂಗೇ ಒಂದೊಂದ್ ಕತೆ ಹೇಳ್ತಾರೆ ಕಣೇ" ಎಂದು ಒಬ್ಬಳು ಅವ್ವನ ಸೆರಗು ಹಿಡಿದೆಳೆದಳು. ಅವ್ವ ತಿರುಗಿ ನೋಡಲಿಲ್ಲ. ಅವಳು ಅತ್ತಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲವೇನೋ. ಅವಳು ಅಳದೆ, ಆ ಮನುಷ್ಯನ ಮುಖವನ್ನೇ ನೋಡುತ್ತಾ, ಅದೇ ಮಾತನ್ನು ಅದೇ ದನಿಯಲ್ಲಿ ಇನ್ನೊಮ್ಮೆ ಹೇಳಿದಳು. ಸಾಲಿನ ಎಲ್ಲರಿಗಿಂತ ಮುಂದಿದ್ದ ಮುದುಕಿಯೊಬ್ಬಳು, ಹಣೆಯ ತುಂಬ ವಿಭೂತಿ ಬಳಿದುಕೊಂಡಿದ್ದವಳು, ತನ್ನ ಮೊಮ್ಮಗಳನ್ನು ಹಿಂದಕ್ಕೆ ಸರಿಸಿ, "ನನ್ ಜಾಗ ಐತಲ್ಲಪ್ಪ, ಅದನ್ನ ಆಯಮ್ಮಂಗೆ ಕೊಡು. ನಾನ್ ಆಮ್ಯಾಕೆ ಕೂತ್ಕತೀನಿ" ಎಂದಳು. ಅವನು ತೊಟ್ಟಿಲಿನ ಕಂಬಿ ತೆಗೆದ.

ಹೀಗೆ ನಾನು ಮೊದಲ ಸಲ ಆ ತೊಟ್ಟಿಲಿನಲ್ಲಿ ಕೂತಿದ್ದು. ನನ್ನ ಕೈ ಬಿಡಬೇಕೆಂದು ಅವ್ವನಿಗೆ ತೋಚಲೇ ಇಲ್ಲ, ಅದಕ್ಕೇ ನಾನೂ ಹೋದೆ. ನೆಲ ಕೆಳಗೆ ಜಾರಿತು. ತುತ್ತತುದಿಗೆ ಹೋದಾಗ ತೊಟ್ಟಿಲು ನಿಂತು, ಗಾಳಿಗೆ ತೂಗತೊಡಗಿತು. ಸುತ್ತ ಕಣ್ಣು ಹಾಯುವವರೆಗೂ ತೆಂಗಿನ ತಲೆಗಳು. ಅವುಗಳ ಹಿಂದೆ ಸೂರ್ಯ ಆಗಲೇ ಮುಳುಗಿ ಆಕಾಶ ಮಾತ್ರ ಕೆಂಪಗಿತ್ತು. ಕೆಳಗೆ ಜನ ಕಪ್ಪಗೆ ಕಲಸಿಹೋಗಿದ್ದರು.

ಅವ್ವ ಎದ್ದು ನಿಂತಳು. ತೊಟ್ಟಿಲು ವಾಲಿತು. ನಾನು ಕಿರುಚಿ ಅವಳ ಸೊಂಟ ತಬ್ಬಿದೆ. ಅವಳು ಒಂದು ಕೈಯಲ್ಲಿ ಸರಳು ಹಿಡಿದು, ಬಯಲನ್ನು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ, ಅಕ್ಕಿಯಲ್ಲಿ ಕಲ್ಲು ಹುಡುಕುವವಳಂತೆ ನೋಡುತ್ತಾ ಹೋದಳು.

"ಅಗೋ" ಎಂದಳು. "ಅಗೋ ಅಲ್ಲವ್ನೆ."

ಬಯಲಿನ ಕೊನೆಯಲ್ಲಿ, ಲಾರಿಗಳು ನಿಂತಿದ್ದ ಕಡೆ, ಒಂದು ಚಕ್ರಕ್ಕೆ ಒರಗಿ, ಮಂಡಿಯ ನಡುವೆ ತಲೆ ಇಟ್ಟುಕೊಂಡು ಕೂತಿದ್ದ. ನೀಲಿ ಅಂಗಿ ಅಷ್ಟು ದೂರದಿಂದಲೂ ಗೊತ್ತಾಗುತ್ತಿತ್ತು. ಅವ್ವ ಸೆರಗು ಬಿಚ್ಚಿ, ಅದರ ತುದಿಯನ್ನು ತಲೆಯ ಮೇಲೆತ್ತಿ ಬೀಸಿದಳು. ಮನೆಯಲ್ಲೂ ಅವಳು ಅವನನ್ನು ಊಟಕ್ಕೆ ಕರೆಯುತ್ತಿದ್ದುದು ಹಾಗೆಯೇ, ತೋಟದ ಬದುವಿನ ಮೇಲೆ ನಿಂತು ಸೆರಗು ಬೀಸಿ. ಆದರೆ ಅವನು ತಲೆಯೆತ್ತಲಿಲ್ಲ. ಅಷ್ಟು ಹೊತ್ತೂ ಗಟ್ಟಿಯಾಗಿದ್ದ ಅವ್ವ ಆಗ ಅವನ ಹೆಸರು ಹಿಡಿದು ಕೂಗಿಬಿಟ್ಟಳು. ಅವಳು ಅವನ ಹೆಸರು ಕೂಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಕೆಳಗಿದ್ದ ಆ ಮಸಿ ಬನಿಯನ್ನಿನವನಿಗೆ ಏನು ತಿಳಿಯಿತೋ. ತೊಟ್ಟಿಲಿನ ಕಂಬಗಳಿಗೆ ಕಟ್ಟಿದ್ದ ಬಣ್ಣದ ಬಲ್ಬುಗಳನ್ನು ಆರಿಸಿದ, ಹಚ್ಚಿದ, ಮತ್ತೆ ಆರಿಸಿದ, ಮತ್ತೆ ಹಚ್ಚಿದ. ಏನಾಯಿತೆಂದು ಜನರೆಲ್ಲ ಈ ಕಡೆ ತಿರುಗಿದರು. ಕಾಲ ಬಳಿಯ ನೆಲದ ಮೇಲೆ ಬೆಳಕು ಹೊತ್ತಿ ಆರಿದ್ದಕ್ಕೋ ಏನೋ ಚಿಕ್ಕಪ್ಪನೂ ತಲೆಯೆತ್ತಿದ. ನೋಡಿದ. ಎದ್ದು ನಿಂತ. ಮೂಗಿನ ಮೇಲೆ ಬೆರಳಿಟ್ಟು, ಹೌದೋ ಅಲ್ಲವೋ ಎಂದು ಕೇಳುವವನಂತೆ ಮೇಲಕ್ಕೆ ಕೈ ತೋರಿಸಿದ. ಆಮೇಲೆ ಜನರ ನಡುವೆ ಓಡಿ ಬರತೊಡಗಿದ.

ನಾವು ಕೆಳಗಿಳಿಯುವಷ್ಟರಲ್ಲಿ ಅವನು ಮೆಟ್ಟಿಲ ಬಳಿ ಬಂದಿದ್ದ. ಅಂಗಿಯ ಜೇಬು ಹರಿದು ಜೋತಾಡುತ್ತಿತ್ತು. ಕತ್ತಿನ ಮೇಲೆ ಉಗುರಿನ ಗೀರು. ಅವ್ವ ಏನಾಯಿತೆಂದು ಕೇಳಿದಳು, ಅವನು ಕೈಗಳಲ್ಲಿ ಹೇಳಿದ. ನಾನು ಮೇಲೆ ನೋಡುತ್ತಿದ್ದೆ. ಹಿಂದಿನಿಂದ ನೂಕಿದರು. ಅಣ್ಣ ನಿಲ್ಲಿಸಿಹೋದ ಜಾಗ, ಬಿಡಬಾರದೆಂದು ಹಗ್ಗ ಹಿಡಿದುಕೊಂಡೆ. ಎಲ್ಲರೂ ನನ್ನ ಕಡೆ ಬಾಯಿ ಆಡಿಸಿದರು. ಕುತ್ತಿಗೆಗೆ ಕೈ ಹಾಕಿ ಹೊರಗೆ ಎಳೆದರು, ಹೆದರಿ ಲಾರಿಗಳ ಕಡೆ ಹೋದೆ. ಕೊನೆಗೆ ಅವನು ಹೆಬ್ಬೆರಳನ್ನು ಬಾಯಿಗೆ ಎತ್ತಿ ಕುಡಿಯುವ ಸನ್ನೆ ಮಾಡಿ, ಅಲ್ಲ ಅಲ್ಲ ಎಂದು ಜೋರಾಗಿ ತಲೆಯಾಡಿಸಿದ. ಕಣ್ಣಲ್ಲಿ ನೀರು ನಿಂತಿತ್ತು.

ಅಷ್ಟರಲ್ಲಿ ಅಪ್ಪ ಬಂದ. ಹರಿದ ಜೇಬು, ಕತ್ತಿನ ಗೀರು ನೋಡಿ, ಗಂಡಸರ ಸಾಲಿನ ಕಡೆ ತಿರುಗಿ, "ಯಾವನ್ಲಾ ಅವ್ನು, ನನ್ ತಮ್ಮನ ಮ್ಯಾಲೆ ಕೈ ಮಾಡ್ದೋನು?" ಎಂದು ಕೂಗಿದ. ಮಗುವನ್ನೆತ್ತಿಕೊಂಡಿದ್ದ ಒಬ್ಬ ನಡುವಯಸ್ಸಿನವನು ಸಾಲು ಬಿಟ್ಟು ಮುಂದೆ ಬಂದ.

"ಕ್ಯೂ ಆ ಕಡೀಕ್ ತಿರುಗ್ಸಿ ಅಂದ್ರು. ಇವ್ರು ಅಲ್ಲಾಡ್ಲಿಲ್ಲ. ಎಷ್ಟ್ ಕೂಗಿದ್ರೂ ತಿರುಗಿ ನೋಡ್ಲಿಲ್ಲ. ಕುಡ್ದವ್ರೆ ಅಂತ ಯಾರೋ ಅಂದ್ರು, ನಾವೂ ಹಂಗೇ ಅನ್ಕಂಡ್ವಿ. ಎಳ್ದೋರಲ್ಲಿ ನಾನೂ ಒಬ್ಬ ಕಣ್ರೀ. ಗೊತ್ತಾಗ್ಲಿಲ್ಲ."

ಹೊಡೆಯಲು ಅಪ್ಪ ಎತ್ತಿದ ಕೈ ಹಾಗೇ ನಿಂತಿತು. ಅವ್ವ ಆ ಮನುಷ್ಯನನ್ನು ನೋಡಿ, "ಗೊತ್ತಾಗ್ದಿದ್ರೆ ಒಸಿ ಮುಟ್ಟಿ ಕೇಳ್ಬೇಕಪ್ಪ" ಎಂದಳು. ಅಷ್ಟೇ.

ಸಾಲಿನವರೆಲ್ಲ ಸರಿದು ದಾರಿ ಬಿಟ್ಟರು. ಮೊದಲು ಇವರೇ ಕೂರಲಿ ಎಂದರು. ಆ ಮನುಷ್ಯ ಚಿಕ್ಕಪ್ಪನ ತೋಳು ಹಿಡಿದು ಮುಂದಕ್ಕೆ ಕರೆದ. ಚಿಕ್ಕಪ್ಪ ನಿಧಾನವಾಗಿ ಆ ಕೈಯನ್ನು ಬಿಡಿಸಿಕೊಂಡ. ಹರಿದ ಜೇಬನ್ನು ಒಳಗೆ ಮಡಚಿಕೊಂಡು, ಎಲ್ಲರನ್ನೂ ದಾಟಿ ಸಾಲಿನ ಕೊನೆಗೆ ಹೋಗಿ ನಿಂತ. ಯಾರು ಕರೆದರೂ ಅಲ್ಲಿಂದ ಅಲ್ಲಾಡಲಿಲ್ಲ. ಅವ್ವ ಹೆಂಗಸರ ಸಾಲಿಗೆ ಹೋಗದೆ ಅವನ ಹಿಂದೆ ನಿಂತಳು. ಅವಳ ಹಿಂದೆ ನಾನು, ನನ್ನ ಹಿಂದೆ ತಮ್ಮನನ್ನು ಹೊತ್ತ ಅಪ್ಪ. ಅದು ಗಂಡಸರ ಸಾಲು ಎಂದು ಯಾರೂ ಹೇಳಲಿಲ್ಲ. ಪ್ರತಿ ಸಲ ಸಾಲು ಸರಿದಾಗಲೂ ಅವ್ವ ಅವನ ಬೆನ್ನಿನ ಮೇಲೆ ಎರಡು ಬೆರಳಿಡುತ್ತಿದ್ದಳು. ಅವನು ಒಂದು ಹೆಜ್ಜೆ ಮುಂದಿಡುತ್ತಿದ್ದ.

ನಮ್ಮ ಸರದಿ ಬಂದಾಗ ಅವನು ಹತ್ತಿ ಕೂತ. ಆದರೆ ತೊಟ್ಟಿಲು ತಿರುಗಿದಷ್ಟು ಹೊತ್ತೂ ಅವನ ಮುಖದಲ್ಲಿ ಬಸ್ಸಿನಲ್ಲಿದ್ದ ಆ ನಗು ಇರಲಿಲ್ಲ. ಮೇಲೆ ಹೋದಾಗ ಎಲ್ಲರೂ ದೂರ ನೋಡಿದರೆ, ಅವನು ಬಗ್ಗಿ ಕೆಳಗಿನ ಸಾಲನ್ನೇ ನೋಡುತ್ತಿದ್ದ.

ಮಾರನೆಯ ದಿನ ಅವ್ವ ಜೇಬು ಹೊಲಿದುಕೊಟ್ಟಳು. ಅವನು ಆ ಅಂಗಿಯನ್ನು ತೋಟದ ಕೆಲಸಕ್ಕೆ ಹಾಕಿ ಹಾಕಿ ಬೇಗ ಸವೆಸಿಬಿಟ್ಟ.

ಮುಂದಿನ ವರ್ಷ ಮತ್ತೆ ಜೀಪು ಬಂತು. ಹಳದಿ ಬಣ್ಣದ ಕಾಗದಗಳನ್ನು ಎಸೆಯಿತು. ತಮ್ಮ ಒಂದನ್ನು ತಂದು ಚಿಕ್ಕಪ್ಪನ ಕೈಯಲ್ಲಿಟ್ಟ. ಅವನು ಅದನ್ನು ನೋಡಿ, ತಮ್ಮನ ತಲೆ ಸವರಿ, ಹಿಂದಕ್ಕೆ ಕೊಟ್ಟ. ಅಪ್ಪ ಬಲವಂತ ಮಾಡಲು ಹೋದಾಗ ಅವ್ವ ಬೇಡವೆಂದು ತಡೆದಳು. "ನೀವು ಮಕ್ಳನ್ನ ಕರ್ಕಂಡೋಗಿ ಬನ್ನಿ. ನಾನು ಇವ್ನ್ ಜೊತೆಗಿರ್ತೀನಿ" ಎಂದಳು. ನಾವು ಮೂವರೇ ಹೋದೆವು. ಆ ವರ್ಷವೂ ಅಷ್ಟೇ ಜನ, ಅಷ್ಟೇ ಸಾಲು. ಅಪ್ಪ ನಮ್ಮಿಬ್ಬರ ಕೈಯನ್ನೂ ಒಂದು ಗಳಿಗೆಯೂ ಬಿಡಲಿಲ್ಲ. ಬೆಳಕಿರುವಾಗಲೇ ಹಿಂತಿರುಗಿ ಬಂದಾಗ ಅವ್ವ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು, ಚಿಕ್ಕಪ್ಪ ಕಾಯಿ ಸುಲಿಯುತ್ತಿದ್ದ. ನಮ್ಮನ್ನು ಕಂಡು ಕೆಲಸ ನಿಲ್ಲಿಸಿ, ಹೇಗಿತ್ತು ಎಂದು ಕೈ ತಿರುಗಿಸಿ ಕೇಳಿದ. ನಾನು ಅಪ್ಪನ ಮುಖ ನೋಡಿದೆ. ಅಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡು, ಸುಲಿದ ಕಾಯಿಗಳ ಪಕ್ಕ ಅವನ ಹತ್ತಿರ ಹೋಗಿ ಕೂತ.