ಡಬರಿಯ ಉದ್ಘಾಟನೆ

ನಾನು ಧಾರವಾಡದ ಕಡೆಯವಳು. ಪ್ರೀತಿಯಿಂದ "ಬರ್ರಿ, ಕೂಡ್ರಿ" ಎಂದರೂ ಬೆಂಗಳೂರಿನವರಿಗೆ ಜಗಳಕ್ಕೆ ಕರೆದ ಹಾಗೆ ಕೇಳುತ್ತದೆ. ಇನ್ನು ನಿಜವಾಗಿ ಸಿಟ್ಟು ಬಂದರೆ ಕೇಳಬೇಕೆ? ತೊಂಬತ್ತರ ದಶಕದ ಕೊನೆಯಲ್ಲಿ ನಾವು ಹಲಸೂರಿನ ಒಂದು ಗಲ್ಲಿಯಲ್ಲಿದ್ದೆವು. ಸಂಜೆ ವಿಮಾ ಕಚೇರಿಯಿಂದ ನಾನು ಗಲ್ಲಿಯ ತಿರುವಿಗೆ ಬರುತ್ತಿದ್ದಂತೆ ಯಾರಾದರೊಬ್ಬರು "ಹುಬ್ಬಳ್ಳಿ ಎಕ್ಸ್‌ಪ್ರೆಸ್ ಬಂತು" ಎನ್ನುತ್ತಿದ್ದರು. ನನಗೆ ಕೇಳಿಸುವ ಹಾಗೆಯೇ ಹೇಳುತ್ತಿದ್ದರು.

ಗಲ್ಲಿಯಲ್ಲಿ ನಮ್ಮದೊಂದು ಮಹಿಳಾ ಸಂಘವಿತ್ತು. ಅಧ್ಯಕ್ಷೆ ನಿವೃತ್ತ ಹೆಡ್‌ಮೇಡಂ, ಎಲ್ಲರ ಬಾಯಲ್ಲೂ ಟೀಚರಮ್ಮ. ಅವರಿಗೆ ಪ್ರಾರ್ಥನೆ, ಸ್ವಾಗತ ಭಾಷಣ, ವಂದನಾರ್ಪಣೆ ಇಲ್ಲದಿದ್ದರೆ ನಾಲ್ಕು ಜನ ಕೂತು ಕಾಫಿ ಕುಡಿದದ್ದೂ ಸಭೆಯಲ್ಲ. ಸಂಘದ ಇನ್ನೊಬ್ಬ ಸದಸ್ಯೆ ದೇವಸ್ಥಾನದ ಮೂಲೆಯಲ್ಲಿ ಹೂ ಮಾರುತ್ತಿದ್ದಾಕೆ. ಮನೆಯಲ್ಲಿ ತಮಿಳು, ನಮ್ಮೊಡನೆ ಕನ್ನಡ, ಎದುರಿನ ಬಿರಿಯಾನಿ ಅಂಗಡಿಯವರೊಡನೆ ದಖನಿ ಉರ್ದು. ಅವಳನ್ನು ನಾವೆಲ್ಲ ಹೂವಕ್ಕ ಎನ್ನುತ್ತಿದ್ದೆವು.

ಹೂವಕ್ಕನ ದೊಡ್ಡ ಮಗಳ ಮದುವೆಯಲ್ಲಿ ಒಂದು ಅನಾಹುತವಾಗಿತ್ತು. ಬಾಡಿಗೆಯ ಪಾತ್ರೆಗಳು ಹೊತ್ತಿಗೆ ಸರಿಯಾಗಿ ಬರಲಿಲ್ಲ, ಅಡುಗೆ ತಡವಾಯಿತು, ಗಂಡಿನ ಕಡೆಯ ಹಿರಿಯರು ಎಲೆ ಬಿಟ್ಟು ಎದ್ದು ಹೋದರು. ವರ್ಷಗಳು ಕಳೆದರೂ ಆ ಮಾತು ಬಂದರೆ ಅವಳ ಮುಖ ಬಾಡುತ್ತಿತ್ತು. "ಚಿಕ್ಕೋಳ ಮದ್ವೇಲಿ ಒಬ್ರೂ ಹಸ್ಕೊಂಡ್ ಎದ್ದೋಗ್ಬಾರ್ದು ಅಕ್ಕಾ, ಅಷ್ಟೇ ನನ್ ಆಸೆ" ಎನ್ನುತ್ತಿದ್ದಳು. ಸಂಘದ ಸಭೆಯಲ್ಲಿ ಒಂದು ದಿನ ಅವಳೇ ಕೇಳಿದಳು: "ಒಂದು ನಾಮಕರಣ ಆದ್ರೂ ಶಾಮಿಯಾನದೋರ್ ಮುಂದೆ ಕೈ ಕಟ್ಕೊಂಡ್ ನಿಲ್ಬೇಕು. ಗಲ್ಲಿಗೆ ಅಂತ ನಮ್ದೇ ನಾಲ್ಕ್ ಡಬರಿ ಇದ್ರೆ ಆಗಲ್ವಾ?"

ಡಬರಿ ಎಂದರೆ ಮದುವೆ ಮನೆಯ ಅನ್ನ, ಸಾರು ಬೇಯಿಸುವ ಅಲ್ಯೂಮಿನಿಯಂನ ದೊಡ್ಡ ಪಾತ್ರೆ. ಅದಕ್ಕೆ ದುಡ್ಡು ಎಲ್ಲಿಂದ ಬರಬೇಕು? ಆಗ ಯಾರೋ ರಿಚರ್ಡ್ಸ್ ಟೌನಿನ ಒಬ್ಬ ಅಜ್ಜಿಯ ವಿಷಯ ಹೇಳಿದರು. ಆಕೆ ತೀರಿಹೋದ ಗಂಡನ ನೆನಪಿಗೆಂದು ಸಣ್ಣದೊಂದು ಟ್ರಸ್ಟ್ ಇಟ್ಟುಕೊಂಡು, ಒಂದು ಗಲ್ಲಿಗೆ ಮಕ್ಕಳ ಉಯ್ಯಾಲೆ, ಇನ್ನೊಂದಕ್ಕೆ ಪುಸ್ತಕದ ಬೀರು ಹೀಗೆ ಪುಟ್ಟ ಪುಟ್ಟ ಸಹಾಯ ಮಾಡುತ್ತಿದ್ದರು. ಟೀಚರಮ್ಮ, ಹೂವಕ್ಕ, ನಾನು ಮೂವರೂ ಹೋದೆವು. ಅಜ್ಜಿ ವರಾಂಡದಲ್ಲಿ ಕೂರಿಸಿ ಚಹಾ, ಬೆಣ್ಣೆ ಬಿಸ್ಕತ್ತು ಕೊಟ್ಟು, ಹೂವಕ್ಕನ ಕಥೆಯನ್ನು ಪೂರ್ತಿ ಕೇಳಿದರು. ಕೊನೆಗೆ, "ಕೊಡ್ತೀನಮ್ಮಾ. ಆದ್ರೆ ಬಂದು ನೋಡ್ತೀನಿ. ಯೂಸ್ ಮಾಡ್ತಿಲ್ಲ ಅಂದ್ರೆ ವಾಪಸ್ ತಗೊಂಡು ಬೇರೆ ಗಲ್ಲಿಗೆ ಕೊಟ್ಬಿಡ್ತೀನಿ" ಎಂದರು.

ಶಿವಾಜಿನಗರದಲ್ಲಿ ಪಾತ್ರೆ ಕೊಂಡ ದಿನದ ಸಂಭ್ರಮವನ್ನು ಏನೆಂದು ಹೇಳಲಿ! ಹೂವಕ್ಕ ಒಂದೊಂದನ್ನೂ ಬೆರಳಿನಿಂದ ತಟ್ಟಿ ಸದ್ದು ಕೇಳಿದಳು, ಮೂರು ಭಾಷೆಯಲ್ಲಿ ಚೌಕಾಸಿ ಮಾಡಿದಳು. ಸಸ್ಯಾಹಾರಕ್ಕೆ ಹಳದಿ ಗುರುತು, ಬಿರಿಯಾನಿಗೆ ಕೆಂಪು ಗುರುತು ಎಂದು ಮೊದಲೇ ಜಗಳವಾಡಿ ತೀರ್ಮಾನಿಸಿದ್ದೆವು. ಲಗೇಜ್ ಆಟೋ ಗಲ್ಲಿಗೆ ಬಂದಾಗ ಜನ ಮನೆಯಿಂದ ಹೊರಬಂದು ನೋಡಿದರು.

ಎಡವಟ್ಟಾದದ್ದು ಆಮೇಲೆ. ಉದ್ಘಾಟನೆ ಆಗದೆ ಒಂದು ಸೌಟೂ ಹೊರಗೆ ಹೋಗಕೂಡದು ಎಂದು ಟೀಚರಮ್ಮ ಅಪ್ಪಣೆ ಮಾಡಿದರು. ನಮ್ಮ ಭಾಗದ ದೊಡ್ಡ ಮನುಷ್ಯರೊಬ್ಬರನ್ನು ಮುಖ್ಯ ಅತಿಥಿಯಾಗಿ ಕರೆದರು. ಪಾತ್ರೆ ಎಂದ ಮೇಲೆ ಹೆಸರು ಹಾಕಿಸದೆ ಇರಲಾದೀತೆ? ಎಲ್ಲಕ್ಕೂ ಸಂಘದ ಹೆಸರು ಹಾಕಿಸಿದರು. ಅಷ್ಟಕ್ಕೇ ಬಿಡದೆ, ಅತಿ ದೊಡ್ಡ ಡಬರಿಯ ಮೇಲೆ "ಉದ್ಘಾಟನೆ" ಎಂದು ಆ ಅತಿಥಿಯ ಹೆಸರನ್ನೂ ತಾರೀಖನ್ನೂ ಕೊರೆಸಿಬಿಟ್ಟರು. ಆ ತಾರೀಖಿಗೆ ಅವರು ಬರಲಿಲ್ಲ. ಹೆಸರು ಹಾಕುವವನನ್ನು ಮತ್ತೆ ಕರೆಸಿ, ತಾರೀಖು ಹೊಡೆದು ಹಾಕಿಸಿ ಕೆಳಗೆ ಹೊಸದು ಬರೆಸಿದರು. ಅದಕ್ಕೂ ಬರಲಿಲ್ಲ. ಅದನ್ನೂ ಹೊಡೆಸಿದರು. ಪಾತ್ರೆಗಳು ಟೀಚರಮ್ಮನ ಹೊರಗಿನ ಕೋಣೆಯಲ್ಲಿ ಹಳೇ ಸೀರೆ ಹೊದ್ದು, ಬೀಗ ಹಾಕಿಸಿಕೊಂಡು ಕೂತವು. ಗಲ್ಲಿಯವರು ಎಂದಿನಂತೆ ಬಾಡಿಗೆ ಪಾತ್ರೆಯನ್ನೇ ತರುತ್ತಿದ್ದರು.

ಅಷ್ಟರಲ್ಲಿ ಹೂವಕ್ಕನ ಚಿಕ್ಕ ಮಗಳ ಮದುವೆ ಗೊತ್ತಾಯಿತು. ಗಂಡು ಕೆ.ಆರ್. ಪುರದವನು. ಭಾನುವಾರ, ಗಲ್ಲಿಯಲ್ಲೇ ಚಪ್ಪರ. ಲಗ್ನದ ಕಾಲ, ಯಾವ ಅಂಗಡಿಯಲ್ಲೂ ಪಾತ್ರೆ ಉಳಿದಿರಲಿಲ್ಲ. ಹೂವಕ್ಕ ಟೀಚರಮ್ಮನ ಹತ್ತಿರ ಹೋಗಿ ಒಂದೇ ಒಂದು ಸಲ ಕೇಳಿದಳು. "ಉದ್ಘಾಟನೆ ಆಗ್ಲಿ, ಮೊದಲ್ನೇದಾಗಿ ನಿನಗೇ ಕೊಡೋಣ" ಎಂದರಂತೆ. "ಪರ್ವಾಗಿಲ್ಲ ಟೀಚರಮ್ಮ" ಎಂದು ಹೂವಕ್ಕ ಬಂದುಬಿಟ್ಟಳು. ಅವರಿವರ ಮನೆಯ ಕುಕ್ಕರು, ತಪ್ಪಲೆ ಕೂಡಿಹಾಕುವ ಯೋಚನೆ ಮಾಡುತ್ತಾ ಕೂತಿದ್ದಳು. ಅದನ್ನು ಕಂಡು ನನಗೆ ರಕ್ತ ಕುದಿಯಿತು. ಚಪ್ಪಲಿ ಮೆಟ್ಟಿ ನೇರ ಟೀಚರಮ್ಮನ ಮನೆಗೆ ಹೋದೆ.

"ಪಾತ್ರಿ ತಂದಿದ್ದು ಅಡಿಗಿ ಮಾಡಾಕೋ, ಪೂಜಿ ಮಾಡಾಕೋ?" ಎಂದೆ.

"ಮೆಲ್ಲಗೆ ಮಾತಾಡಿ. ಮಸಿ ಹಿಡಿದ ಪಾತ್ರೇನ ದೊಡ್ಡೋರ ಮುಂದೆ ಇಡೋಕಾಗತ್ತೇನ್ರೀ? ಸಂಘದ ಮರ್ಯಾದೆ ಏನಾಗ್ಬೇಕು?"

"ಬೆಂಕಿ ಹತ್ತಲಿ ಆ ಮರ್ಯಾದಿಗೆ! ಆಕಿ ಮನಿ ಮರ್ಯಾದಿ ಏನಾಗಬೇಕ್ರಿ?"

ಎದುರಿಗೇ ಇದ್ದ ನಮ್ಮ ಮನೆಯಲ್ಲಿ ನನ್ನ ಗಂಡ ಎದ್ದು ಕಿಟಕಿ ಮುಚ್ಚಿದರು. ಟೀಚರಮ್ಮ ಮಾತ್ರ ಜಗ್ಗಲಿಲ್ಲ. ಮಾರನೇ ದಿನ ಕಚೇರಿಯ ಫೋನಿನಿಂದ ರಿಚರ್ಡ್ಸ್ ಟೌನಿನ ಅಜ್ಜಿಗೆ ಫೋನ್ ಮಾಡಿದೆ. ಚಾಡಿ ಹೇಳಲಿಲ್ಲ. "ಒಮ್ಮೆ ಬಂದು ನೋಡಿಕೊಂಡು ಹೋಗ್ರಿ ಅಮ್ಮಾ" ಎಂದೆ, ಅಷ್ಟೇ.

ಮದುವೆಯ ಹಿಂದಿನ ದಿನ ಮಧ್ಯಾಹ್ನ ಅಜ್ಜಿ ಆಟೋದಲ್ಲಿ ಬಂದಿಳಿದರು. ಶನಿವಾರ ಅರ್ಧ ದಿನದ ಕಚೇರಿ, ನಾನೂ ಅವರ ಹಿಂದೆಯೇ ಟೀಚರಮ್ಮನ ಮನೆಗೆ ಹೋದೆ. ಟೀಚರಮ್ಮನಿಗೆ ಸಂತೋಷವೋ ಸಂತೋಷ. ಬೀಗ ತೆಗೆದು, ಸೀರೆ ಸರಿಸಿ, ಹೊಳೆಯುವ ಪಾತ್ರೆಗಳನ್ನು ತೋರಿಸಿದರು. ಅಜ್ಜಿ ಕನ್ನಡಕ ಸರಿಮಾಡಿಕೊಂಡು ದೊಡ್ಡ ಡಬರಿಯನ್ನು ಓರೆ ಮಾಡಿಸಿ ತಳ ನೋಡಿದರು.

"ಏನಮ್ಮಾ ಇದು, ತಳ ಕಪ್ಪೇ ಆಗಿಲ್ಲ? ಇದ್ರಲ್ಲಿ ಏನೇನ್ ಬೇಯಿಸಿದ್ರಿ?"

ಆಮೇಲೆ ಅವರ ಕಣ್ಣು ಹೊಡೆದು ಹಾಕಿದ ತಾರೀಖುಗಳ ಮೇಲೆ ಬಿತ್ತು. ಅಜ್ಜಿಗೆ ನಗು ಬಂದರೂ ಮಾತು ಖಡಕ್ಕಾಗಿಯೇ ಇತ್ತು. "ಇನ್ನೊಂದು ಗಲ್ಲಿಯೋರೂ ಪಾತ್ರೆ ಕೇಳಿದಾರೆ. ಸೋಮವಾರ ಗಾಡಿ ಕಳಿಸ್ತೀನಿ."

ಟೀಚರಮ್ಮನ ಮುಖ ಬಿಳಿಚಿಕೊಂಡಿತು. ಅದೇ ಹೊತ್ತಿಗೆ ಬಾಳೆಲೆಯಲ್ಲಿ ಸುತ್ತಿದ ಹೂ ಹಿಡಿದು ಹೂವಕ್ಕ ಒಳಗೆ ಬಂದಳು. ಟೀಚರಮ್ಮನ ಪೂಜೆಗೆ ದಿನವೂ ಕೊಡುವ ಮಲ್ಲಿಗೆ. ನಾಳೆ ಮಗಳ ಮದುವೆ ಇಟ್ಟುಕೊಂಡೂ ದಿನದ ವರ್ತನೆಯ ಹೂ ತಪ್ಪಿಸಿರಲಿಲ್ಲ, ಪುಣ್ಯಾತ್ಗಿತ್ತಿ. ಅಜ್ಜಿ ಗುರುತು ಹಿಡಿದರು.

"ನೀನಲ್ವಾ ಅವತ್ತು ಬಂದಿದ್ದು? ಮಗಳ ಮದುವೆ ಯಾವಾಗ?"

"ನಾಳೆನೇ ಅಮ್ಮಾ."

"ನಾಳೆನಾ! ಅಡುಗೆ ಯಾವ ಪಾತ್ರೇಲಿ ಮಾಡಿಸ್ತಿದೀಯಾ?"

ನಾನು ಬಾಯಿ ತೆರೆದೇ ಬಿಟ್ಟಿದ್ದೆ. ಹೂವಕ್ಕ ನನ್ನ ಕೈ ಅದುಮಿದಳು. ಟೀಚರಮ್ಮನ ಕಡೆ ಒಂದು ಸಲ ನೋಡಿ, "ಇದ್ರಲ್ಲೇ ಅಮ್ಮಾ. ಟೀಚರಮ್ಮ ಕೊಡ್ತೀನಿ ಅಂದವ್ರೆ. ಮೊದಲ್ನೇದಾಗಿ ನಂಗೇ ಅಂತ" ಎಂದಳು.

ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ ನೋಡಿ! ಟೀಚರಮ್ಮ ಆ ಹೂವಿನ ಪೊಟ್ಟಣವನ್ನೇ ನೋಡುತ್ತಾ ನಿಂತಿದ್ದರು. ಆಮೇಲೆ ಬೀಗದ ಕೈಯನ್ನು ಹೂವಕ್ಕನ ಕೈಯಲ್ಲಿಟ್ಟು, ಅಜ್ಜಿಯ ಕಡೆ ತಿರುಗಿ, "ನಾಳೆ ಊಟಕ್ಕೆ ಬನ್ನಿ. ತಳ ಕಪ್ಪಾಗಿರತ್ತೆ" ಎಂದರು. ಅಷ್ಟು ವರ್ಷದಲ್ಲಿ ಅವರು ಮಾಡಿದ ಅತಿ ಚಿಕ್ಕ ಭಾಷಣ ಅದು. ನನಗೆ ಅವರನ್ನು ತಬ್ಬಿಕೊಳ್ಳುವಷ್ಟು ಪ್ರೀತಿ ಬಂತು.

ಭಾನುವಾರ ಗಲ್ಲಿಯಲ್ಲಿ ಸೌದೆ ಒಲೆಗಳು ಉರಿದವು. ಕೆಂಪು ಗುರುತಿನ ಪಾತ್ರೆಯಲ್ಲಿ ಬಿರಿಯಾನಿ, ಹಳದಿಯದರಲ್ಲಿ ಅನ್ನ, ಸಾರು, ದೊಡ್ಡ ಡಬರಿಯಲ್ಲಿ ಪಾಯಸ. ಟೀಚರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಪಾಯಸ ಬಡಿಸಿದರು. ಕೆ.ಆರ್. ಪುರದ ಬೀಗರ ಸಾಲಿನಲ್ಲಿ ಒಬ್ಬರು "ಸಾಕು" ಎಂದರೆ, ಮಗ್ಗಿ ಒಪ್ಪಿಸದ ಮಗುವನ್ನು ನೋಡುವಂತೆ ನೋಡಿ ಇನ್ನೊಂದು ಸೌಟು ಹಾಕಿದರು. ಯಾರೂ ಹಸಿದು ಏಳಲಿಲ್ಲ. ಎದ್ದವರು ಏಳಲಾಗದೆ ಎದ್ದರು. ರಿಚರ್ಡ್ಸ್ ಟೌನಿನ ಅಜ್ಜಿ ಊಟ ಮುಗಿಸಿ ಬಂದು, ಡಬರಿಯ ತಳಕ್ಕೆ ಬೆರಳು ಒತ್ತಿ, ಮಸಿಯಾದ ಬೆರಳನ್ನು ಟೀಚರಮ್ಮನಿಗೆ ತೋರಿಸಿದರು. ಇಬ್ಬರೂ ಹುಡುಗಿಯರ ಹಾಗೆ ನಕ್ಕರು.

ಮುಂದಿನ ವಾರ ಹೆಸರು ಹಾಕುವವನು ಮತ್ತೆ ಬಂದ. ಟೀಚರಮ್ಮ ದೊಡ್ಡ ಮನುಷ್ಯರ ಹೆಸರನ್ನು ಪೂರ್ತಿ ಹೊಡೆಸಿ, "ಉದ್ಘಾಟನೆ" ಎನ್ನುವುದರ ಕೆಳಗೆ ಹೊಸದೊಂದು ಸಾಲು ಕೊರೆಸಿದರು. ಹೂವಕ್ಕನಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಓದಿ ಹೇಳೆಂದು ನನ್ನನ್ನು ಕರೆದಳು. ನೋಡಿದೆ. ಮೊದಲು ನನ್ನಷ್ಟಕ್ಕೆ ಪಿಸುದನಿಯಲ್ಲಿ ಓದಿಕೊಂಡೆ.

"ಜೋರಾಗಿ ಓದಿ ಅಕ್ಕಾ. ನಿಮ್ ಗಂಟ್ಲಿಗೇನಾಯ್ತು ಇವತ್ತು?"

ಹುಬ್ಬಳ್ಳಿ ಎಕ್ಸ್‌ಪ್ರೆಸ್ ಬಾಯಿ ತೆರೆಯಿತು. ಗಲ್ಲಿಯ ಆ ತುದಿಗೂ ಕೇಳುವ ಹಾಗೆ ಓದಿದೆ: "ಉದ್ಘಾಟನೆ: ಹೂವಕ್ಕನ ಮಗಳ ಮದುವೆ."