ಟ್ರಂಕಿನ ಪ್ಯಾರಾ

ಕೋವಿಡ್ ಮುಗಿದ ಮರುವರ್ಷದ ಮಾತು. ಕೊಪ್ಪಳದ ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾಗಿದ್ದ ನನಗೆ ಉಳಿದಿದ್ದ ಕೆಲಸ ಒಂದೇ: ಪತ್ರಿಕೆಯೊಂದರ ಭಾನುವಾರದ ಪುರವಣಿಗೆ ಹೊಸ ಕಾದಂಬರಿ, ಆತ್ಮಕಥೆಗಳ ವಿಮರ್ಶೆ ಬರೆಯುವುದು. ಗಂಗಾವತಿ, ಯಲಬುರ್ಗಾ, ಎಲ್ಲ ಕಡೆಯಿಂದ ಪುಸ್ತಕ ಬರುತ್ತಿದ್ದವು. ಈಗ ಪೆನ್ಷನ್ ಶುರುವಾದವರೆಲ್ಲ ಆತ್ಮಕಥೆ ಬರೆಯುತ್ತಾರೆ. ಹುಟ್ಟು, ಸಾಲಿ, ನೌಕರಿ, ವರ್ಗಾವಣೆ, ಕಡೆಗೆ ಶಾಲು ಹೊದಿಸಿಕೊಂಡ ಫೋಟೊ. ಓದಿ ಮುಗಿಸುವಷ್ಟರಲ್ಲಿ ತಲೆ ಚಿಟ್ಟು ಹಿಡಿಯುತ್ತಿತ್ತು. ನನ್ನ ನಾಲಿಗೆ ಮೊದಲೇ ಖಾರ; ಪುಸ್ತಕ ಕೊಡಲು ಬಂದವರು ಚಾ ಕುಡಿಯದೆ ಎದ್ದು ಹೋಗುತ್ತಿದ್ದರು.

ಈ ಕಸುಬಿನ ಒಂದು ರೀತಿಯನ್ನು ಮೊದಲೇ ಹೇಳಬೇಕು. ವಿಮರ್ಶಕರು ಬರಹ ಮಾತ್ರ ಬರೆಯುತ್ತಾರೆ. ಅದಕ್ಕೆ ಶೀರ್ಷಿಕೆ ಕೊಡುವವರು ಪತ್ರಿಕೆಯ ಡೆಸ್ಕಿನವರು, ಅಂದರೆ ಪುಟ ಕಟ್ಟುವ ಉಪಸಂಪಾದಕರು. ಜಾಹೀರಾತು ಬಂದು ಜಾಗ ಸಾಲದಿದ್ದರೆ ಕತ್ತರಿಸುವವರೂ ಅವರೇ. ಕತ್ತರಿ ಬೀಳುವುದು ಯಾವಾಗಲೂ ಬಾಲದ ಕಡೆಯಿಂದ.

ಆ ಬೇಸಿಗೆಯಲ್ಲಿ ಕುಷ್ಟಗಿಯಿಂದ ಶಾಂತವ್ವ ಬಂದರು. ಪ್ರಾಥಮಿಕ ಶಾಲೆಯ ನಿವೃತ್ತ ಶಿಕ್ಷಕಿ. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಕಿಡ್ನಿ ಕೆಟ್ಟು ವಾರಕ್ಕೆರಡು ಸಲ ಡಯಾಲಿಸಿಸ್ ನಡೆದಿತ್ತು. ಕೈಚೀಲದಿಂದ ತಮ್ಮ ಆತ್ಮಕಥೆ ತೆಗೆದು ಮೇಜಿನ ಮೇಲಿಟ್ಟು, ತಮಗೆ ಹೊಗಳಿಕೆ ಬೇಡ, ಇನ್ನೊಂದು ಬೇಕು ಅಂದರು. ಇರಕಲ್ಲಗಡದಲ್ಲಿ ಅವರ ಅಣ್ಣ ದೊಡ್ಡಬಸಪ್ಪ ಇದ್ದಾನೆ. ತಂಗಿ ಬೇರೆ ಜಾತಿಯ ಮಾಸ್ತರನ್ನು ಮದುವೆಯಾದಂದಿನಿಂದ ಅವನು ಆಕೆಯ ಹೊಸ್ತಿಲು ತುಳಿದಿಲ್ಲ. ನಮ್ಮ ಕಡೆ ಶ್ರಾವಣದ ನಾಗರ ಪಂಚಮಿ ಹಬ್ಬಕ್ಕೆ ಅಣ್ಣ ಬಂದು ತಂಗಿಯನ್ನು ತವರಿಗೆ ಕರೆದೊಯ್ಯಬೇಕು. ಶಾಂತವ್ವನನ್ನು ಯಾರೂ ಕರೆದೊಯ್ದಿರಲಿಲ್ಲ.

“ನನ್ನ ಪುಸ್ತಕ ಅಂವ ಮುಟ್ಟಂಗಿಲ್ರಿ ಮೇಡಂ. ಪೇಪರ್ ಮಾತ್ರ ದಿನಾ ಓದ್ತಾನ. ನೀವು ಬರದ್ರ ಓದ್ತಾನ. ಓದಿದ್ರ ಈ ಪಂಚಮಿಗೆ ಬರ್ತಾನ.”

ಅಂಥ ಹಂಗಿನ ಮೇಲೆ ನಾನು ಬರೆಯುವವಳಲ್ಲ ಅಂತ ಬಿರುಸಾಗಿಯೇ ಹೇಳಿದೆ. ಆಕೆ ಹೋದ ಮೇಲೆ ಪುಸ್ತಕ ಹಿಡಿದು ಕೂತೆ; ಮುಗಿಯುವತನಕ ಏಳಲಿಲ್ಲ. ಎಲ್ಲೂ ಗೋಳಿಲ್ಲ, ಯಾರ ಮೇಲೂ ಸಿಟ್ಟಿಲ್ಲ. ಊರು ಬಿಟ್ಟ ದಿನದ ಒಂದು ಅಧ್ಯಾಯವಂತೂ ಕರುಳು ಹಿಂಡಿತು. ಶಾಂತವ್ವ ಟ್ರಂಕು ಹೊತ್ತು ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾಳೆ. ಮನೆಯವರು ಯಾರೂ ಬಂದಿಲ್ಲ. ಅಷ್ಟರಲ್ಲಿ ಅಣ್ಣ ಬರುತ್ತಾನೆ. ಮಾತಿಲ್ಲ, ಮುಖ ನೋಡುವುದೂ ಇಲ್ಲ. ಟ್ರಂಕನ್ನು ಕಸಿದುಕೊಂಡು ಬಸ್ಸಿನ ಟಾಪಿಗೆ ಹತ್ತಿಸಿ, ಬೀಳದಂತೆ ತನ್ನ ರುಮಾಲು ಬಿಚ್ಚಿ ಕಟ್ಟಿ, ಇಳಿದು ಹೊರಟುಹೋಗುತ್ತಾನೆ. ಆ ರುಮಾಲು ಇಂದಿಗೂ ನನ್ನ ಹತ್ತಿರ ಇದೆ ಎಂದು ಆಕೆ ಬರೆದಿದ್ದರು.

ಯಾರ ಹಂಗೂ ಇಲ್ಲದೆ ಮನಸಾರೆ ಬರೆದೆ. ಅಣ್ಣ ಬಾರದ ಪಂಚಮಿಗಳ ಮಾತು ನಡುವೆ ಬಂತು; ಈ ಟ್ರಂಕಿನ ಪ್ರಸಂಗ ಕಡೆಯ ಪ್ಯಾರಾದಲ್ಲಿತ್ತು. ಓದುಗರು ಅದನ್ನು ಎದೆಯಲ್ಲಿಟ್ಟುಕೊಂಡು ಪುಟ ಮಡಚಲಿ ಎಂಬುದು ನನ್ನ ಲೆಕ್ಕ. ಪಂಚಮಿಗೆ ಎರಡು ವಾರ ಇದೆ ಅನ್ನುವಾಗ ವಿಮರ್ಶೆ ಅಚ್ಚಾಯಿತು. ಪುಟದ ಅರ್ಧ ಯಾರೋ ಮುಖಂಡರ ಹುಟ್ಟುಹಬ್ಬದ ಜಾಹೀರಾತು. ಕಡೆಯ ಪ್ಯಾರಾ ಇರಲಿಲ್ಲ. ಮೇಲೆ ದಪ್ಪ ಅಕ್ಷರದಲ್ಲಿ ಶೀರ್ಷಿಕೆ: ‘ಕಲ್ಲಾದ ಅಣ್ಣ, ಕಾದ ತಂಗಿ’.

ಮೈ ಉರಿದುಹೋಯಿತು. ಪುರವಣಿಯವರಿಗೆ ಫೋನು ಹಚ್ಚಿ ಬೈದೆ. ಅವರೋ, ಶೀರ್ಷಿಕೆ ಎಲ್ಲರಿಗೂ ಹಿಡಿಸಿದೆ ಮೇಡಂ, ಒಳ್ಳೆ ರೆಸ್ಪಾನ್ಸ್ ಇದೆ ಅಂತ ಖುಷಿಯಲ್ಲಿದ್ದರು.

ರೆಸ್ಪಾನ್ಸ್ ಇರಕಲ್ಲಗಡದಲ್ಲೂ ಇತ್ತು. ಅವತ್ತು ಮುಂಜಾನೆ ಹೋಟೆಲಿನಲ್ಲಿ ಒಬ್ಬ ಅದನ್ನು ಗಟ್ಟಿಯಾಗಿ ಓದಿ ಹೇಳಿದನಂತೆ. ಸಂಜೆಯೊಳಗೆ ದೊಡ್ಡಬಸಪ್ಪನಿಗೆ ‘ಕಲ್ಲಣ್ಣ’ ಅಂತ ಹೆಸರು ಬಿತ್ತು. ಬಾ ಕಲ್ಲಣ್ಣ, ಚಾ ಕುಡಿ ಕಲ್ಲಣ್ಣ. ಇದನ್ನು ಶಾಂತವ್ವನೇ ಯಾರಿಂದಲೋ ಕೇಳಿ ನನಗೆ ಫೋನಿನಲ್ಲಿ ತಿಳಿಸಿದರು. ನನ್ನ ಮೇಲೆ ರೇಗಲಿಲ್ಲ. ರೇಗಿದ್ದರೆ ಛಲೋ ಇತ್ತು.

ಪುಸ್ತಕ ತೆಗೆದುಕೊಂಡು ಇರಕಲ್ಲಗಡದ ಬಸ್ಸು ಹತ್ತಿದೆ. ದೊಡ್ಡಬಸಪ್ಪ ಕಟ್ಟೆಯ ಮೇಲೆ ನಾಲ್ಕು ಜನರ ನಡುವೆ ಕೂತಿದ್ದರು. ನಾನು ಯಾರೆಂದು ಹೇಳಿದರೂ ಮರ್ಯಾದೆ ತಪ್ಪಲಿಲ್ಲ. ಕೂಡಿಸಿದರು, ಚಾ ತರಿಸಿದರು. ಪುಸ್ತಕ ಮುಂದೆ ಹಿಡಿದರೆ ಮಾತ್ರ ಕೈ ಅಡ್ಡ ಮಾಡಿದರು. ಟ್ರಂಕಿನ ಸುದ್ದಿ ತೆಗೆಯಬೇಕೆಂದು ಬಾಯಿ ತೆರೆದೆ. ಪುಸ್ತಕದ ಮಾತು ಬ್ಯಾಡ್ರಿ ಅಂದುಬಿಟ್ಟರು. ಪಕ್ಕದಲ್ಲಿದ್ದವನೊಬ್ಬ ಆಗಲೇ ಮುಸಿಮುಸಿ ನಗುತ್ತಿದ್ದ.

“ಈ ವರ್ಷ ಹೋಗಬೇಕಂತ ನನ್ನ ಮನಸಿನ್ಯಾಗೂ ಇತ್ರಿ. ಈಗ ಹೋದ್ರ ಪೇಪರಿಗೆ ಅಂಜಿ ಹೋದ ಅಂತಾರ. ಆಗಂಗಿಲ್ರಿ ಅಕ್ಕಾರ.”

ಪಂಚಮಿಯ ದಿನ ನಾನೇ ಕುಷ್ಟಗಿಗೆ ಹೋದೆ. ಅಂಥ ಮೈಯಲ್ಲಿ ಶಾಂತವ್ವ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿದ್ದರು. ಬಾಗಿಲು ತೆರೆದೇ ಇತ್ತು. ಅಣ್ಣ ಹೇಳಿದ್ದನ್ನು ನಾನು ಮೊದಲೇ ತಿಳಿಸಿದ್ದರೂ ಕೊಪ್ಪಳದ ಬಸ್ಸು ಬರುವ ಹೊತ್ತಿಗೆಲ್ಲ ಅವರ ಕಣ್ಣು ಓಣಿಯ ಕಡೆ ಹೋಗುತ್ತಿತ್ತು. ಸಂಜೆ ಉಂಡಿಗಳನ್ನು ಡಬ್ಬಿಗೆ ತುಂಬಿ ನನ್ನ ಕೈಗಿತ್ತರು. ಡಯಾಲಿಸಿಸ್ ಪಥ್ಯದಲ್ಲಿ ಅವರು ಅವನ್ನು ತಿನ್ನುವ ಹಾಗೆಯೂ ಇರಲಿಲ್ಲ.

ದೀಪಾವಳಿಗೆ ಮೊದಲೇ ಶಾಂತವ್ವ ತೀರಿಕೊಂಡರು. ನಾನು ಹೋದಾಗ ದೊಡ್ಡಬಸಪ್ಪ ಅಂಗಳದಲ್ಲಿ ನಿಂತಿದ್ದರು. ಹೆಣ್ಣುಮಗಳ ಹೆಣಕ್ಕೆ ತವರಿನ ಸೀರೆ ಹೊದಿಸಬೇಕಲ್ಲ, ಅದನ್ನು ತಂದಿದ್ದರು. ಹಸಿರು ಇಳಕಲ್ ಸೀರೆ. ನನಗೆ ತಡೆಯಲಾಗಲಿಲ್ಲ, ಇವತ್ತು ಬರಲು ಜನರ ಅಂಜಿಕೆ ಆಗಲಿಲ್ಲವೇ ಅಂತ ಕೇಳಿಯೇಬಿಟ್ಟೆ.

“ಸಾವಿಗೆ ಬಂದ್ರ ಯಾರೂ ನಗಂಗಿಲ್ರಿ” ಅಂದರು.

ಸೀರೆ ಹೊದಿಸಿದ ಮೇಲೆ ಅವರನ್ನು ಪಕ್ಕಕ್ಕೆ ಕರೆದೆ. ಬೇಡವೆಂದರೂ ಬಿಡದೆ ಟ್ರಂಕಿನ ಪ್ರಸಂಗ ಹೇಳಿದೆ. ಬಸ್ಸಿನ ಟಾಪು, ರುಮಾಲು, ತಂಗಿ ಅದನ್ನು ಇಟ್ಟುಕೊಂಡದ್ದು, ಎಲ್ಲ. ಇದನ್ನು ನಾನು ಬರೆದಿದ್ದೆ, ಜಾಗವಿಲ್ಲವೆಂದು ಪತ್ರಿಕೆಯವರು ತೆಗೆದರು ಎಂದೂ ಹೇಳಿದೆ. ಅವರು ಗೋಡೆಗೆ ಕೈಯೂರಿದರು. ಕಣ್ಣು ತುಂಬಿದ್ದವು.

“ಅದನ್ನ ದಪ್ಪ ಅಕ್ಷರದಾಗ ಹಾಕಬೇಕಿತ್ತಲ್ರಿ ಅಕ್ಕಾರ. ಅವತ್ತ ಬಸ್ ಹತ್ತಿ ಬರ್ತಿದ್ದೆ.”

ವಿಮರ್ಶೆಯನ್ನು ಹೇಗೆ ಬರೆಯಬೇಕೆಂದು ನನಗೆ ಯಾವ ಪ್ರೊಫೆಸರರೂ ಇಷ್ಟು ನೆಟ್ಟಗೆ ಹೇಳಿರಲಿಲ್ಲ. ಈಗಲೂ ಬರೆಯುತ್ತೇನೆ. ಯಾರ ಆತ್ಮಕಥೆಯೇ ಇರಲಿ, ಅದರೊಳಗಿನ ಜನ ಇನ್ನೂ ಬದುಕಿದ್ದಾರೆ, ಹೋಟೆಲಿನಲ್ಲಿ ಚಾ ಕುಡಿಯುತ್ತಿದ್ದಾರೆ ಎಂಬುದನ್ನು ನೆನಪಿಟ್ಟು ಬರೆಯುತ್ತೇನೆ. ಮುಖ್ಯವಾದದ್ದನ್ನು ಮೊದಲ ಸಾಲಿಗೇ ತರುತ್ತೇನೆ. ಶೀರ್ಷಿಕೆಯನ್ನೂ ನಾನೇ ಕೊಟ್ಟು ಕಳಿಸುತ್ತೇನೆ. ಡೆಸ್ಕಿನವರು ಅದನ್ನು ಬದಲಿಸುತ್ತಾರೆ.