ಕುಂಬಳಕಾಯಿ ಬಿಟ್ಟ ನೀರು

ನಿನ್ನೆ ಸಂಜೆ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ದೊಣ್ಣೆಮೆಣಸಿನಕಾಯಿಯ ಅಂಚು ಸುಟ್ಟ ವಾಸನೆ ತುಂಬಿತ್ತು. ಯಾರದೋ ಓವನ್ನಿನದು. ಸುಟ್ಟದ್ದನ್ನು ಮೂಗಿನಿಂದಲೇ ಗುರುತಿಸುವ ಶಾಸ್ತ್ರದಲ್ಲಿ ನನಗೆ ತಕ್ಕಮಟ್ಟಿನ ಪಾಂಡಿತ್ಯವಿದೆ. ವಿಶ್ವವಿದ್ಯಾಲಯ ಕೊಟ್ಟ ಪದವಿಗಿಂತ ಹೆಚ್ಚು ಶ್ರಮಪಟ್ಟು ಅದನ್ನು ಸಂಪಾದಿಸಿದ್ದೇನೆ. ಅಂಬತ್ತೂರಿನ ಆಫೀಸು ಮುಗಿಸಿ, ನಾಲ್ಕು ಬಿಸ್ಕತ್ತು ತಿಂದು ಮಲಗುವ ಘನಸಂಕಲ್ಪ ಹೊತ್ತು ಬಂದವನು, ನನ್ನ ಮಹಡಿ ಬಂದರೂ ಇಳಿಯದೆ, ಮೇಲಿನವರೆಗೆ ಹೋಗಿ ಮತ್ತೆ ಕೆಳಗೆ ಬಂದೆ. ಅಷ್ಟು ಹೊತ್ತೂ ನಾನಿದ್ದದ್ದು ವರ್ಷಗಳ ಹಿಂದಿನ ಪುರಸೈವಾಕ್ಕಮಿನಲ್ಲಿ, ಪದ್ಮಾವತಮ್ಮನವರ ಮಹಡಿಯ ಕೋಣೆಯಲ್ಲಿ.

ಪದ್ಮಾವತಮ್ಮ ನನಗೆ ಬಂಧುಗಳೇ. ಅಜ್ಜಿಯ ತಂಗಿಯ ಓರಗಿತ್ತಿ. ಈ ಸಂಬಂಧವನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಕೊಂಡೇ ನಾನು ಕುಂದಾಪುರದಿಂದ ಈ ತಮಿಳು ನಗರಕ್ಕೆ ಓದಲಿಕ್ಕೆಂದು ಹೊರಟದ್ದು. ಅವರು ಅದನ್ನು ಪೂರ್ತಿ ಕೇಳದೆ ‘ಸರಿ, ಮೇಲೆ ಹೋಗು, ಫ್ಯಾನ್ ಸೌಂಡ್ ಮಾಡ್ತದೆ, ಹೆದರ್ಬೇಡ’ ಎಂದು ಕೀಲಿಕೈ ಕೊಟ್ಟರು. ಅವರ ಯಜಮಾನರು ನಮ್ಮ ಕಡೆಯವರದೇ ಒಂದು ಹೋಟೆಲಿನ ಗಲ್ಲಾದ ಹಿಂದೆ ಆಯುಷ್ಯ ಕಳೆದು, ನಾನು ಬರುವ ಮುಂಚಿನ ವರ್ಷ ತೀರಿಕೊಂಡಿದ್ದರು. ಅಂದಿನಿಂದ ಪದ್ಮಾವತಮ್ಮ ಅವರ ಹೆಸರಿನಲ್ಲಿ ನೇಮ ಹಿಡಿದು ರಾತ್ರಿ ಮುಸುರೆ ಮುಟ್ಟುತ್ತಿರಲಿಲ್ಲ.

ಮುಸುರೆ ಎಂದರೆ ಪಾತ್ರೆ ತೊಳೆಯುವ ಸಂಗತಿ ಎಂದಷ್ಟೇ ತಿಳಿದವರಿಗಾಗಿ ಒಂದು ಮಾತು. ನೀರಿನಲ್ಲಿ ಬೇಯಿಸಿದ ಅನ್ನ, ಹುಳಿ, ಪಲ್ಯ ಎಲ್ಲ ಮುಸುರೆ. ಹಣ್ಣು, ಅವಲಕ್ಕಿ, ಬರಿದೇ ಹುರಿದದ್ದು ಅಲ್ಲ. ಧರ್ಮವು ಇಷ್ಟು ಉದಾರವಾಗಿ ಸಂದುಗಳನ್ನು ಬಿಟ್ಟಿದ್ದರೂ, ಒಬ್ಬಳಿಗೋಸ್ಕರ ಎಂತ ಹುರಿಯುವುದು ಎಂದು ಅವರು ಅರ್ಧ ಬಾಳೆಹಣ್ಣಿನಲ್ಲಿ ರಾತ್ರಿ ಮುಗಿಸುತ್ತಿದ್ದರು. ಸಕ್ಕರೆ ಕಾಯಿಲೆಯ ಮಾತ್ರೆಗೆ ಇದೆಲ್ಲ ಗೊತ್ತಿರಲಿಲ್ಲ. ಒಂದು ಸಂಜೆ ಕಣ್ಣು ಕತ್ತಲೆ ಬಂದು ಮೆಟ್ಟಿಲ ಮೇಲೆ ಕುಸಿದು ಕೂತರು. ಮಾತ್ರೆ ನುಂಗಿ ಊಟ ಬಿಟ್ಟರೆ ಒಂದು ದಿನ ಬಿದ್ದಲ್ಲೇ ಉಳಿಯುತ್ತೀರಿ ಎಂದು ಡಾಕ್ಟರು ತಮಿಳಿನಲ್ಲಿ ಗದರಿದರು. ಅವರು ಯಾವ ಭಾಷೆಯಲ್ಲೂ ಕೇಳಿಸಿಕೊಳ್ಳಲಿಲ್ಲ.

ನನ್ನ ರಾತ್ರಿಗಳೇನೂ ಹೆಚ್ಚು ವೈಭವದವಲ್ಲ. ಮೂಲೆಯ ಅಂಗಡಿಯ ಬನ್ನು, ಮೇಲೆ ಒಂದು ಚಹಾ. ಅಡಿಗೆ ಬಾರದವನ ದೌರ್ಬಲ್ಯ ಹಣೆಯ ಮೇಲೇ ಬರೆದಿತ್ತೋ ಏನೋ, ಪಾತ್ರೆ ಅಂಗಡಿಯವನೊಬ್ಬ ನನ್ನನ್ನು ಬೀದಿಯಿಂದಲೇ ಒಳಗೆ ಕರೆದು ಒಂದು ಸಣ್ಣ ಓವನ್ ತೋರಿಸಿದ. ‘ಒರೇ ಟ್ರೇ ಸಾರ್. ಉಳ್ಳೆ ವೈಯಿಂಗ, ವೇಲೆ ಮುಡಿಂಜಿದು.’ ಒಂದೇ ಟ್ರೇ, ಒಳಗಿಟ್ಟರೆ ಕೆಲಸ ಮುಗಿಯಿತು. ಇದಕ್ಕಿಂತ ಸಂಕ್ಷಿಪ್ತವಾದ ಪಾಕಶಾಸ್ತ್ರವನ್ನು ನಾನು ಇಂದಿಗೂ ಕೇಳಿಲ್ಲ. ಮೊದಲ ವಾರ ಕಂಡ ಕಂಡ ತರಕಾರಿಯನ್ನು ಹೆಚ್ಚಿ, ಎಣ್ಣೆ ಉಪ್ಪು ಸವರಿ, ಒಳಗೆ ತಳ್ಳಿ, ಗಾಜಿನ ಮುಂದೆ ಯಜ್ಞಕುಂಡದ ಎದುರಿನ ಋತ್ವಿಜನಂತೆ ಕೂತೆ. ಎರಡನೆಯ ವಾರ ಒಬ್ಬನಿಗಾಗಿ ಇಷ್ಟೆಲ್ಲ ಯಾಕೆ ಎನ್ನಿಸಿತು. ಓವನ್ನಿನ ಮೇಲೆ ಪುಸ್ತಕ ಪೇರಿಸಿದೆ. ಬನ್ನಿಗೆ ಮರಳಿದೆ.

ಅವರು ಮೆಟ್ಟಿಲಲ್ಲಿ ಕುಸಿದ ಮರುದಿನ ನನಗೊಂದು ಮಹತ್ತರ ಯೋಚನೆ ಹೊಳೆಯಿತು. ಪುಸ್ತಕಗಳನ್ನು ಇಳಿಸಿ, ಸಿಹಿಗುಂಬಳ, ಹೂಕೋಸು, ದೊಣ್ಣೆಮೆಣಸು, ಪನೀರು, ಒಂದು ಹಿಡಿ ನೆಲಗಡಲೆ ಹರಡಿ ಬಿಸಿ ಟ್ರೇಯನ್ನು ಹಾಗೇ ಕೆಳಗೆ ಒಯ್ದೆ.

‘ಇದೆಂತ?’

‘ಹುರಿದದ್ದು.’

‘ನೀರು ಹಾಕ್ಲಿಕ್ಕಿಲ್ವಾ?’

‘ಇಲ್ಲ.’

‘ಒಂದು ತೊಟ್ಟೂ?’

‘ಟ್ರೇಯಲ್ಲಿ ನೀರು ನಿಲ್ಲೂದಾದ್ರೂ ಎಲ್ಲಿ?’

ಅವರು ಬಹಳ ಹೊತ್ತು ಟ್ರೇಯನ್ನೂ ನನ್ನನ್ನೂ ನೋಡಿದರು. ಆಮೇಲೆ ಒಂದು ಹೋಳು ಬಾಯಿಗೆ ಹಾಕಿಕೊಂಡು, ‘ಉಪ್ಪು ಸರಿ ಉಂಟು. ನಾಳೆಯಿಂದ ಇಂಗು ಹಾಕು’ ಎಂದರು. ನಾಳೆ ಎಂಬ ಆ ಶಬ್ದದಿಂದ ನನ್ನ ಬನ್ನಿನ ಯುಗ ಮುಗಿಯಿತು. ಈರುಳ್ಳಿ ಬೆಳ್ಳುಳ್ಳಿಗಳು ಗಡಿಪಾರಾದವು. ತೆಂಗಿನೆಣ್ಣೆ ಪಟ್ಟಕ್ಕೆ ಬಂತು. ಸಂಜೆ ಕಾಲೇಜಿನಿಂದ ಬರುವಷ್ಟರಲ್ಲಿ ಹೆಚ್ಚಿದ ತರಕಾರಿ ಮೆಟ್ಟಿಲ ಮೇಲಿರುತ್ತಿತ್ತು. ಓವನ್ ಹಚ್ಚುವುದು ನನ್ನ ಪಾಲು, ‘ಇವತ್ತು ಕರಕಾಯ್ತು’ ಎನ್ನುವುದು ಅವರ ಪಾಲು. ಅವರ ತಲೆಸುತ್ತು ನಿಂತಿತು. ಮುದುಕಿಯೊಬ್ಬರ ಜೀವವನ್ನು ಶಾಸ್ತ್ರದ ಹಿತ್ತಲಬಾಗಿಲಿನಿಂದ ಉಳಿಸಿದವನೆಂಬ ಹೆಮ್ಮೆಯಲ್ಲಿ ನಾನು ತುಸು ಎದೆಯುಬ್ಬಿಸಿಯೇ ನಡೆಯುತ್ತಿದ್ದೆ.

ಒಂದು ಭಾನುವಾರ ರಾತ್ರಿ ಅವರ ಮೈದುನ ಶ್ರೀಪತಿ ರಾಯರು ಬಂದರು. ಆಚಾರದ ವಿಷಯದಲ್ಲಿ ಅವರ ಮೇಲೆ ಅಪೀಲು ಇರಲಿಲ್ಲ. ನಾನು ಒಳಗಿನಿಂದ ತಟ್ಟೆ ತರುವಷ್ಟರಲ್ಲಿ ಅವರು ಟ್ರೇಯನ್ನು ಒಂದು ಕಡೆಗೆ ಓರೆ ಮಾಡಿದರು. ಕುಂಬಳಕಾಯಿ ಬಿಟ್ಟ ನೀರು ಮೂಲೆಗೆ ಹರಿದು ಮಿನುಗಿತು.

‘ಅತ್ತಿಗೆ, ಇದೆಂತ? ನೀರು. ಉಪ್ಪೂ ಉಂಟು. ಉಪ್ಪು ನೀರು ಸೇರಿ ಬೆಂದ್ರೆ ಮುಸುರೆ ಅಲ್ದೆ ಮತ್ತೆಂತ?’

ನಾನು ಬಾಗಿಲ ಹಿಂದೆಯೇ ನಿಂತೆ. ಕೈಯಲ್ಲಿ ತಟ್ಟೆಗಳು, ತಲೆಯಲ್ಲಿ ಒಂದೇ ಲೆಕ್ಕ: ಇಂದಿನಿಂದ ಮತ್ತೆ ಅರ್ಧ ಬಾಳೆಹಣ್ಣು, ಮತ್ತೆ ಮೆಟ್ಟಿಲು.

‘ಗೊತ್ತುಂಟು ಶ್ರೀಪತಿ’ ಎಂದರು ಪದ್ಮಾವತಮ್ಮ. ‘ಮೊದಲ್ನೇ ಹೋಳಿಗೇ ಗೊತ್ತಾಯ್ತು.’

‘ಗೊತ್ತಿದ್ದೂ?’

‘ನಾನು ತಿನ್ನದಿದ್ರೆ ಆ ಮಾಣಿ ಓವನ್ ಪೆಟ್ಟಿಗೆ ಹಚ್ಚೂದೇ ಇಲ್ಲ. ಬನ್ನು ತಿಂದು ಮಲಗ್ತಾನೆ. ಪರೀಕ್ಷೆ ಬೇರೆ. ಕಣ್ಣು ಹೇಗೆ ಒಳಗೆ ಹೋಗಿತ್ತು, ನೀನು ನೋಡ್ಲಿಲ್ಲ.’

‘ಆದ್ರೆ ಅಣ್ಣನ ಹೆಸರಲ್ಲಿ ಹಿಡಿದ ನೇಮ...’

‘ನಿನ್ನ ಅಣ್ಣ ಹಸಿದವರನ್ನ ಎಬ್ಬಿಸಿ ಕಳಿಸಿದವರಾ? ಅವರತ್ರ ನಾನು ಮಾತಾಡ್ಕೊಳ್ತೇನೆ. ನೀನು ನಡುವಲ್ಲಿ ಬರ್ಬೇಡ.’

ರಾಯರು ಟ್ರೇಯನ್ನು ಸಮಕ್ಕೆ ಇಳಿಸಿ, ‘ನಂಗೆ ಕುಂಬಳ ಕಮ್ಮಿ ಹಾಕಿ’ ಎಂದರು.

ಓದುಗರೇ, ಒಬ್ಬರನ್ನು ಉದ್ಧರಿಸಿದೆನೆಂದು ಬೀಗುತ್ತಿರುವಾಗಲೇ ಉದ್ಧಾರವಾಗುತ್ತಿರುವುದು ತಾನೆಂದು ತಿಳಿಯುವುದು ಸುಖದ ಸಂಗತಿಯಲ್ಲ. ಆದರೆ ಹೊಟ್ಟೆ ತುಂಬುತ್ತದೆ. ನಾನು ಏನೂ ಕೇಳಿಸದವನಂತೆ ಬಂದು ಬಡಿಸಿದೆ. ಅವರೂ ಏನೂ ಹೇಳದವರಂತೆ ‘ಇವತ್ತು ಕರಕಾಯ್ತು’ ಎಂದರು.

ನಿನ್ನೆ ಮನೆಯೊಳಗೆ ಬಂದವನು ಬೂಟು ಬಿಚ್ಚುವ ಮೊದಲೇ ಪದ್ಮಾವತಮ್ಮನವರಿಗೆ ಫೋನ್ ಮಾಡಿದೆ. ವರ್ಷಗಟ್ಟಲೆ ಹಬ್ಬಕ್ಕಷ್ಟೇ ಮಾಡುತ್ತಿದ್ದೆ. ದನಿ ಸಣ್ಣಗಾಗಿದೆ, ಅಧಿಕಾರ ಆಗಿಲ್ಲ.

‘ಊಟ ಆಯ್ತಾ?’ ಎಂದರು ಮೊದಲಿಗೇ.

‘ಇಲ್ಲ. ನಿಮ್ದು?’

‘ನಿಂದಾಗ್ಲಿ. ಆಮೇಲೆ ನೋಡುವಾ.’

‘ಮಾತ್ರೆ?’

‘ನುಂಗಿ ಆಯ್ತು. ಅದಕ್ಕೇ, ಬೇಗ ಮಾಡು.’

ಫೋನನ್ನು ಅಡಿಗೆಕಟ್ಟೆಯ ಮೇಲೆ ನಿಲ್ಲಿಸಿ ಓವನ್ ಹಚ್ಚಿದೆ. ಫ್ರಿಜ್ಜಿನಲ್ಲಿ ಇದ್ದದ್ದು ಎರಡು ಕ್ಯಾರೆಟ್ಟು, ಒಂದು ಬದನೆ.

‘ಸಣ್ಣಕ್ಕೆ ಹೆಚ್ಚು’ ಎಂದಿತು ಆಚೆಯ ದನಿ. ‘ಹಸಿವಾಗ್ತಾ ಉಂಟು.’